ಮೊದಲು ನೀರು, ಆಮೇಲೆ ಉರಿ

ಮಾರ್ಚ್ 4

ಅಕ್ಕ,

ನಾನಿಲ್ಲಿ ಇದ್ದೇನೆ. ನೀನೂ ಅಲ್ಲಿ ಇದ್ದೀಯೆಂದುಕೊಂಡು ಬರೆಯುತ್ತಿದ್ದೇನೆ.

ನಿನ್ನ ಕವರು ಬಂದು ಹನ್ನೆರಡು ದಿನವಾಯಿತು. ಒಳಗೆ ಸಮಾಧಾನದ ಮಾತು ಇರುತ್ತದೆ ಎಂದು ಎರಡು ದಿನ ಒಡೆಯಲಿಲ್ಲ. ಒಡೆದು ನೋಡಿದರೆ ಅಂಥದ್ದು ಒಂದು ಸಾಲೂ ಇಲ್ಲ, ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದು ಹೇಗೆ ಎಂದು ಮೂರು ಹಾಳೆ. ನಗು ಬಂತು. ಜನವರಿ ಹತ್ತೊಂಬತ್ತಕ್ಕೆ ನನ್ನ ಹೆಂಡತಿ ಹೋದಮೇಲೆ ನಕ್ಕಿದ್ದು ಅದೇ ಮೊದಲು. ನಕ್ಕ ಸದ್ದು ಮನೆಯಲ್ಲಿ ಬೇರೆ ಯಾರೋ ಇದ್ದಾರೆ ಅನ್ನುವ ಹಾಗೆ ಕೇಳಿತು.

ಹೊಕ್ಕುಳ ಹಿಂದೆ ಒಂದು ಬೆಂಕಿ ಇದೆ, ಬದುಕಿರುವವರಲ್ಲಿ ಅದು ಆರುವುದಿಲ್ಲ, ಬೂದಿ ಮುಚ್ಚಿರುತ್ತದೆ ಅಷ್ಟೆ ಎಂದು ಬರೆದಿದ್ದೀಯ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡವನು ನಾನು. ಆರಿದ ಬೆಂಕಿಗೂ ಬೂದಿ ಮುಚ್ಚಿದ ಬೆಂಕಿಗೂ ಇರುವ ವ್ಯತ್ಯಾಸ ಅಂಗೈಗೆ ಗೊತ್ತಾಗುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದೆ. ತಣ್ಣಗಿದೆ. ಆದರೂ ಕಲಿಯುತ್ತೇನೆ. ಬೆಳಗ್ಗೆ ಎದ್ದಮೇಲೆ ಮಾಡಲು ಏನಾದರೂ ಬೇಕು.

ಮಂಚಕ್ಕೂ ಕಿಟಕಿಗೂ ನಡುವೆ ಚಾಪೆಯಷ್ಟು ಜಾಗ ಇದೆ. ಅಡುಗೆಮನೆಯಲ್ಲಿ ಇನ್ನೂ ಹೆಚ್ಚು ಜಾಗ ಇದೆ, ಆದರೆ ಅದಕ್ಕೆ ಚಿಲಕ ಹಾಕಿದ್ದೇನೆ. ಧೂಳು ಬರುತ್ತದೆ.

ಫೋನ್ ಮಾಡಬೇಡ. ಅದು ಅವಳ ಫೋನು. ರಿಂಗ್ ಆದರೆ ಅವಳೇ ಎತ್ತಲಿ ಎಂದು ಈಗಲೂ ಕೂತಿರುತ್ತೇನೆ.

ಅವಳನ್ನು ಕಳಿಸಿಕೊಟ್ಟ ದಿನ ನೀನು ಬರಲಿಲ್ಲ. ತರಗತಿ ಬಿಟ್ಟು ಬರಲಾಗುವುದಿಲ್ಲವಂತೆ ಎಂದು ನಿನ್ನ ಮನೆಯ ಓನರಮ್ಮ ಹೇಳಿದರು. ಇರಲಿ. ಇದನ್ನು ಬರೆಯಬೇಕು ಎಂದಿರಲಿಲ್ಲ, ಪೆನ್ನು ಬರೆಯಿತು.

ತಮ್ಮ


ಮಾರ್ಚ್ 13

ಇದ್ದಿಲೇ,

ಅರವತ್ತೆರಡು ವರ್ಷದವನನ್ನು ಹೀಗೆ ಕರೆಯುತ್ತಾಳಲ್ಲ ಅನ್ನಬೇಡ. ಮೂರು ವರ್ಷದವನಿದ್ದಾಗ ಒಲೆಯ ಇದ್ದಿಲು ತಿಂದು ಬಾಯೆಲ್ಲ ಕಪ್ಪು ಮಾಡಿಕೊಂಡು, "ನಾನೇನೂ ತಿಂದಿಲ್ಲ" ಎಂದು ಅಮ್ಮನ ಮುಂದೆ ನಿಂತವನಿಗೆ ನಾನು ಇಟ್ಟ ಹೆಸರು. ಕೊನೆಯವರೆಗೂ ಅದೇ.

ಫೋನ್ ಬೇಡ ಅಂದದ್ದು ಒಳ್ಳೆಯದೇ ಆಯಿತು. ಫೋನಿನಲ್ಲಿ ನೀನು "ಹೂಂ" ಅನ್ನುವುದರ ಆಚೆ ಹೋದವನಲ್ಲ. ಬರೆ.

ಹೊಕ್ಕುಳ ಹಿಂದಿನ ಆ ಜಾಗಕ್ಕೆ ಮಣಿಪೂರ ಎನ್ನುತ್ತಾರೆ. ಹತ್ತು ದಳದ ತಾವರೆ, ನಡುವೆ ಕೆಳಮುಖದ ತ್ರಿಕೋನ, ಅದರೊಳಗೆ ರಂ ಎಂಬ ಅಕ್ಷರ. ತಾವರೆ ಕಾಣಲಿಲ್ಲ ಎಂದು ಹುಡುಕುತ್ತಾ ಕೂರಬೇಡ. ಮೂವತ್ತು ವರ್ಷದಲ್ಲಿ ನನಗೇ ಕಂಡಿಲ್ಲ. ನನಗೆ ಕಲಿಸಿದವರು ಅಂಚೆ ಕಚೇರಿಯಿಂದ ನಿವೃತ್ತರಾದ ಮುದುಕರು. "ಚಿತ್ರ ಗೋಡೆಗಿರಲಿ, ನೀನು ಉಸಿರು ನೋಡ್ಕೊಳಮ್ಮ" ಅನ್ನುತ್ತಿದ್ದರು.

ನಿಂತುಕೋ. ಕಾಲು ಸ್ವಲ್ಪ ಅಗಲಿಸಿ, ಮಂಡಿ ಸಡಿಲ ಬಿಟ್ಟು, ಎರಡು ಕೈಯನ್ನೂ ತೊಡೆಗೆ ಊರು. ಬಾಯಿಂದ ಉಸಿರನ್ನೆಲ್ಲ ಹೊರಗೆ ಬಿಡು. ಒಳಗೆ ಎಳೆದುಕೊಳ್ಳದೆ ಹಾಗೇ ಹಿಡಿದು, ಹೊಟ್ಟೆಯನ್ನು ಬೆನ್ನುಮೂಳೆಯ ಕಡೆಗೆ ಸೆಳೆ, ಬಿಡು, ಸೆಳೆ, ಬಿಡು. ಉಸಿರು ಬೇಕು ಅನ್ನಿಸಿದ ಕೂಡಲೇ ನಿಲ್ಲಿಸು. ಇದು ಅಗ್ನಿಸಾರ. ಮೂರು ಸುತ್ತು ಸಾಕು. ಖಾಲಿ ಹೊಟ್ಟೆಯಲ್ಲೇ ಮಾಡಬೇಕು, ಇದೊಂದು ಕಟ್ಟುನಿಟ್ಟು. ಊಟವಾಗಿದ್ದರೆ ಐದು ಗಂಟೆಯಾದರೂ ಕಳೆದಿರಬೇಕು.

ಇನ್ನೊಂದು. ಹಸಿವು ಹೇಗಿದೆ ಎಂದು ಪ್ರತಿ ಪತ್ರದಲ್ಲೂ ಬರೆ. ನಮ್ಮ ಮುದುಕರು ಬಂದವರನ್ನೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ. ಒಳಗಿನ ಬೆಂಕಿ ಎದ್ದಿತೋ ಇಲ್ಲವೋ ಎನ್ನುವುದಕ್ಕೆ ಅವರಿಗೆ ಬೇರೆ ಗುರುತು ಬೇಕಿರಲಿಲ್ಲ.

ಬರಲಾಗಲಿಲ್ಲ. ಅದರ ಬಗ್ಗೆ ಈಗ ಇಷ್ಟೇ.

ಅಕ್ಕ


ಏಪ್ರಿಲ್ 2

ಅಕ್ಕ,

ಡ್ಯೂಟಿಯಲ್ಲಿ ಗಂಟೆಗೊಮ್ಮೆ ಲಾಗ್ ಪುಸ್ತಕ ಬರೆಯುತ್ತಿದ್ದ ಹಾಗೆ ಇದನ್ನೂ ಬರೆದಿಟ್ಟಿದ್ದೇನೆ. ನನಗೆ ಬೇರೆ ರೀತಿಯಲ್ಲಿ ಬರೆಯಲು ಬಾರದು.

21ನೇ ತಾರೀಕು. ಬೆಳಗ್ಗೆ 5.40. ಹೊಟ್ಟೆ ಖಾಲಿ. ಒಂದು ಉಸಿರಿಗೆ ಎಂಟು ಸಲ, ಮೂರು ಸುತ್ತು. ಏನೂ ಇಲ್ಲ.
24. ಬೆಳಗ್ಗೆ 5.40. ಹೊಟ್ಟೆ ಖಾಲಿ. ಹದಿನಾಲ್ಕು. ಪಕ್ಕೆ ನೋವು.
29. ಬೆಳಗ್ಗೆ 5.35. ಹೊಟ್ಟೆ ಖಾಲಿ. ಇಪ್ಪತ್ತು. ಮುಗಿದಮೇಲೆ ಹೊಕ್ಕುಳ ಹಿಂದೆ ಶರಟಿನ ಗುಂಡಿಯಷ್ಟು ಜಾಗ ಬೆಚ್ಚಗಾಯಿತು. ಐದು ನಿಮಿಷ ಇತ್ತು.
ಹಸಿವು: ಸರಿಯಾಗಿದೆ.

ಅಷ್ಟು ವರ್ಷ ಬೆಂಕಿಯ ಮುಂದೆ ಕೂತು ಏನು ನೋಡುತ್ತಿದ್ದೆಯೋ ಎಂದು ನೀನು ಒಮ್ಮೆ ಕೇಳಿದ್ದೆ. ಬೆಂಕಿಯನ್ನು ಯಾರು ನೋಡುತ್ತಾರೆ ಅಕ್ಕ! ಬಾಯ್ಲರಿನ ಮುಖಕ್ಕೆ ಒಂದು ಗಾಜಿನ ಕೊಳವೆ ಇರುತ್ತದೆ. ಒಳಗೆ ನೀರು ಎಷ್ಟಿದೆಯೋ ಅಷ್ಟೇ ಎತ್ತರಕ್ಕೆ ಅದರಲ್ಲೂ ನೀರು ನಿಂತಿರುತ್ತದೆ. ನಾವು ನೋಡುವುದು ಅದನ್ನು. ಕೊಳವೆಯಲ್ಲಿ ನೀರು ಕಾಣದೆ ಉರಿ ಹಚ್ಚಬಾರದು. ಖಾಲಿ ಬಾಯ್ಲರಿಗೆ ಉರಿ ಕೊಟ್ಟರೆ ಅದೂ ಬೆಚ್ಚಗಾಗುತ್ತದೆ, ತುಂಬ ಬೇಗ ಬೆಚ್ಚಗಾಗುತ್ತದೆ, ಹೊರಗಿನಿಂದ ನೋಡಿದವರಿಗೆ ಎಷ್ಟು ಚೆನ್ನಾಗಿ ಉರಿಯುತ್ತಿದೆ ಅನ್ನಿಸುತ್ತದೆ. ಸುಡುತ್ತಿರುವುದು ಕಬ್ಬಿಣ. ಒಂದು ಸಲ ಇನ್ನೊಂದು ಪಾಳಿಯವನು ಹಾಗೆ ಮಾಡಿ, ಗಾಬರಿಯಲ್ಲಿ ತಣ್ಣೀರು ಬೇರೆ ಬಿಟ್ಟ. ಒಳಗಿನ ಕೊಳವೆಗಳೆಲ್ಲ ಬಾಯಿಬಿಟ್ಟವು. ಅವನ ಜೀವ ಉಳಿದದ್ದೇ ಹೆಚ್ಚು.

ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. "ನಿಮ್ಮ ಬಾಯ್ಲರ್ ಕಥೆ ಕೇಳಿ ಕೇಳಿ ನನ್ನ ಕಿವೀಲೇ ಆವಿ ಬರ್ತಿದೆ" ಅನ್ನುತ್ತಿದ್ದಳು. ಈಗ ನಿನಗೆ.

ಕೆಳಗಿನ ಅಂಗಡಿಯ ಟೈಲರ್ ಹತ್ತಿರ ಪ್ಯಾಂಟು ಸೊಂಟ ಹಿಡಿಸಿದೆ, ಒಂದೂವರೆ ಇಂಚು. ನಿನ್ನ ವಿದ್ಯೆಯ ಮಹಿಮೆ.

ತಮ್ಮ


ಏಪ್ರಿಲ್ 14

ಇದ್ದಿಲೇ,

ಭಲೇ. ಆ ಗುಂಡಿಯಷ್ಟು ಜಾಗವನ್ನು ಓದಿ ನಾನು ಪತ್ರವನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಎರಡು ವಾರಕ್ಕೇ! ಒಂದೂವರೆ ಇಂಚು ಕರಗಿತು ಎಂದರೆ ಬೊಜ್ಜೆಲ್ಲ ಅಗ್ನಿಗೆ ಆಹುತಿಯಾಯಿತು ಎಂದೇ. ನೀನು ಮೊದಲಿನಿಂದ ಹೀಗೆ. ಸುಮ್ಮನಿರುತ್ತೀ, ಮಾಡಿ ತೋರಿಸುತ್ತೀ.

ಅಕ್ಷರ ಸೊಟ್ಟಗಿದ್ದರೆ ಓದಿಕೋ, ದಿಂಬಿಗೊರಗಿ ಬರೆಯುತ್ತಿದ್ದೇನೆ. ಇಲ್ಲಿ ತರಗತಿ ಎಂದಿನ ಹಾಗೆ. ನಲವತ್ತು ಜನ. ಕಿಟಕಿಯಿಂದ ಬಸ್ಸುಗಳ ಸದ್ದು.

ಇನ್ನು ಉಡ್ಡೀಯಾನ ಶುರುಮಾಡು. ಅದೇ ನಿಲುವು, ಹಾಗೆಯೇ ಉಸಿರು ಪೂರ್ತಿ ಹೊರಗೆ. ಈ ಸಲ ಹೊಟ್ಟೆಯನ್ನು ಆಡಿಸಬೇಡ. ಒಳಕ್ಕೂ ಮೇಲಕ್ಕೂ ಎಳೆದು ಪಕ್ಕೆಲುಬಿನ ಕೆಳಗೆ ಬಚ್ಚಿಟ್ಟುಕೊಂಡವನ ಹಾಗೆ ಹಿಡಿ. ಮುಂದೆ ನಿಂತು ನೋಡಿದವರಿಗೆ ಹೊಟ್ಟೆಯ ಜಾಗದಲ್ಲಿ ಗುಳಿ ಕಾಣಬೇಕು. ಹತ್ತು ಎಣಿಸು, ಮೆಲ್ಲಗೆ ಬಿಡು.

ಹೊಟ್ಟೆ ಗುಳಿ ಬೀಳುವ ಆ ಕ್ಷಣ ಎಷ್ಟು ನಿಶ್ಶಬ್ದ ಗೊತ್ತಾ? ಹೇಗಿತ್ತು ಎಂದು ಒಂದೊಂದೇ ಬರೆ. ಚಿಕ್ಕದನ್ನೂ ಬಿಡಬೇಡ.

ಅಕ್ಕ


ಮೇ 9

ಅಕ್ಕ,

ಇಪ್ಪತ್ತು ದಿನದ್ದನ್ನು ಪೂರ್ತಿ ಬರೆಯುವುದಿಲ್ಲ, ಬೇಕಾದ್ದಷ್ಟೇ.

ಏಪ್ರಿಲ್ 25. ಬೆಳಗ್ಗೆ 5.30. ಹೊಟ್ಟೆ ಖಾಲಿ. ಹತ್ತು ಎಣಿಸುವವರೆಗೆ ಹಿಡಿದೆ. ಗುಳಿ ಬಿತ್ತು, ಎರಡು ಮುಷ್ಟಿ ಹಿಡಿಸುವಷ್ಟು.
ಏಪ್ರಿಲ್ 30. ಬೆಳಗ್ಗೆ 11. ಹೊಟ್ಟೆ ಖಾಲಿ. ಹದಿನೈದು.
ಮೇ 3. ಸಂಜೆ 6. ಹೊಟ್ಟೆ ಖಾಲಿ. ಇಪ್ಪತ್ತು. ಬೆಳಗ್ಗೆಯೂ ಮಾಡಿದ್ದೆ. ಸಂಜೆ ಏನೂ ಕೆಲಸವಿರುವುದಿಲ್ಲ.
ಮೇ 7. ಸಂಜೆ 6.10. ಹೊಟ್ಟೆ ಖಾಲಿ. ಇಪ್ಪತ್ತೆರಡು ಎಣಿಸುವಾಗ ಕಿವಿಯಲ್ಲಿ ಉಗಿ ಬಿಟ್ಟ ಹಾಗೆ ಸದ್ದು. ಆಮೇಲೆ ಕಣ್ಣಿನ ಅಂಚಿನಿಂದ ಹಳದಿ ಬೆಳಕು ಬಂದು ಎಲ್ಲ ತುಂಬಿಕೊಂಡಿತು. ಕೈಕಾಲು ಇದ್ದದ್ದೇ ಗೊತ್ತಾಗಲಿಲ್ಲ. ಎಷ್ಟು ಹೊತ್ತೋ. ಕಣ್ಣು ಬಿಟ್ಟಾಗ ಚಾಪೆಯ ಮೇಲಿದ್ದೆ.
ಹಸಿವು: ಸರಿಯಾಗಿದೆ.

ಅಕ್ಕ, ಆ ಬೆಳಕಿನಲ್ಲಿ ನನಗೆ ಯಾರ ನೆನಪೂ ಇರಲಿಲ್ಲ. ಅವಳದೂ. ಎದ್ದಮೇಲೆ ತುಂಬಾ ಹೊತ್ತು ಅದೇ ಬೇಕು ಅನ್ನಿಸುತ್ತಿತ್ತು.

ಪ್ಯಾಂಟು ಇನ್ನೊಂದು ಸಲ ಹಿಡಿಸಿದೆ. ಟೈಲರ್ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನನ್ನು ಒಂದು ಸುತ್ತು ಬಂದ. "ಸಾರ್, ಇನ್ನೊಂದ್ಸಲ ಹಿಡಿದ್ರೆ ಹಿಂದಿನ ಎರಡು ಜೇಬೂ ಒಂದಕ್ಕೊಂದು ಮುತ್ತು ಕೊಟ್ಕೋತವೆ, ನೋಡ್ಕೊಳ್ಳಿ" ಅಂದ. ಗ್ಯಾಸ್ ಸಿಲಿಂಡರ್ ತರುವವನೂ ಮೆಟ್ಟಿಲಲ್ಲಿ ಸಿಕ್ಕಿ, "ಏನ್ ಸಾರ್, ನಾಲ್ಕು ತಿಂಗಳಾಯ್ತು, ನಿಮ್ಮನೆ ಸಿಲಿಂಡರ್ ಅಕ್ಷಯ ಪಾತ್ರೆನಾ?" ಎಂದು ಕೇಳಿದ. ಇಬ್ಬರ ಮಾತಿಗೂ ನಕ್ಕೆ.

ತಮ್ಮ


ಮೇ 17

ತಮ್ಮ,

ನಿನ್ನ ಪತ್ರ ಓದಿ ಅತ್ತೆ. ಹಳದಿ ಬೆಳಕು! ಕೈಕಾಲು ಇದ್ದದ್ದೇ ಗೊತ್ತಾಗಲಿಲ್ಲ ಎಂದರೆ ಏನರ್ಥ ಗೊತ್ತೇನೋ? ಮೂವತ್ತು ವರ್ಷದಲ್ಲಿ ನನ್ನ ತರಗತಿಗೆ ಎಷ್ಟು ಜನ ಬಂದು ಹೋದರು. ಈ ಮಾತು ಹೇಳಿದವರು ಇಬ್ಬರು, ಅದರಲ್ಲಿ ಒಬ್ಬ ಸುಳ್ಳ. ನಾನಂತೂ ಕಂಡಿಲ್ಲ. ನೀನು ಕಂಡೆ. ಬಾಯ್ಲರಿನ ಮುಂದೆ ಕೂತವನಿಗೆ ಒಳಗಿನ ಬೆಂಕಿಯೂ ಒಲಿಯಿತು.

ಹೆದರಬೇಡ, ಬಿಡಬೇಡ. ಎರಡು ಹೊತ್ತೂ ಮಾಡು. ಎಣಿಕೆ ಮೂವತ್ತಕ್ಕೆ ಹೋಗಲಿ. ನೌಳಿಯನ್ನು ಮುಂದಿನ ಪತ್ರದಲ್ಲಿ ಹೇಳಿಕೊಡುತ್ತೇನೆ. ಅದು ಹೊಟ್ಟೆಯ ಸ್ನಾಯುವನ್ನು ಕಂಬದ ಹಾಗೆ ನಡುವೆ ನಿಲ್ಲಿಸಿ ತಿರುಗಿಸುವುದು, ಮೊಸರು ಕಡೆದ ಹಾಗೆ. ನಿನಗೆ ಬರುತ್ತದೆ.

ಬೇಗ ಬರೆ. ನಿನ್ನ ಪತ್ರ ಬರುವ ದಿನ ಓನರಮ್ಮ ಮೆಟ್ಟಿಲು ಹತ್ತುವ ಮೊದಲೇ ಕೂಗುತ್ತಾರೆ, "ಬಂತು ಕಣ್ರೀ ನಿಮ್ಮ ಔಷಧಿ" ಎಂದು.

ಅಕ್ಕ


ಜೂನ್ 20

ತಮ್ಮ,

ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಮೊದಲ ಎರಡು ವಾರ, ಅಭ್ಯಾಸದಲ್ಲಿ ಮುಳುಗಿದ್ದಾನೆ ಎಂದುಕೊಂಡೆ. ಮೂರನೆಯ ವಾರ, ನನ್ನ ಮೇಲಿನ ಕೋಪ ಮತ್ತೆ ಬಂತೇನೋ ಎಂದುಕೊಂಡೆ. ಈಗ ಏನೂ ಅಂದುಕೊಳ್ಳಲು ಆಗುತ್ತಿಲ್ಲ.

ಬರೀ ಲಾಗ್ ಬರೆದು ಕಳಿಸಿದರೂ ಸಾಕು.

ಅಕ್ಕ


ಜೂನ್ 29

ಅಕ್ಕ,

ಜೂನ್ 6. ಸಂಜೆ 6. ಹೊಟ್ಟೆ ಖಾಲಿ. ಇಪ್ಪತ್ತೊಂಬತ್ತು. ಬೆಳಕು ಬಂತು. ಬಿದ್ದೆ. ಮಂಚದ ಕಾಲಿಗೆ ಹುಬ್ಬು ತಗುಲಿ ಐದು ಹೊಲಿಗೆ.

ಸದ್ದು ಕೇಳಿ ಬಂದವನು ಟೈಲರ್. ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋದ. ನಾನು ಕೆಲಸ ಮಾಡಿದ ಆಸ್ಪತ್ರೆಯೇ. ಹೊದಿಸಿದ ಬಟ್ಟೆಯ ಅಂಚಿನಲ್ಲಿ ನಮ್ಮ ಲಾಂಡ್ರಿಯ ಗುರುತು ಇತ್ತು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಡಾಕ್ಟರ್ ಏನೋ ಕೇಳಿದರು, ಏನೋ ಹೇಳಿದೆ. ಪ್ಯಾಂಟನ್ನು ಈಗ ಹುರಿಯಿಂದ ಕಟ್ಟುತ್ತೇನೆ. ಇನ್ನು ಹಿಡಿಯುವುದಿಲ್ಲ ಎಂದು ಟೈಲರ್ ಹಟ ಹಿಡಿದಿದ್ದಾನೆ. "ನಾನು ಬಟ್ಟೆ ಹೊಲಿಯೋನು ಸಾರ್, ಮಾಯ ಮಾಡೋನಲ್ಲ" ಅಂದ.

ನೌಳಿ ಹೇಳಿಕೊಡುತ್ತೇನೆ ಎಂದಿದ್ದೆ. ಹೇಳಿಕೊಡು. ಆ ಬೆಳಕು ಬೇಕು.

ಜನವರಿಯಲ್ಲಿ ನೀನು ಬಂದಿದ್ದರೆ ಇದೆಲ್ಲ ಬೇಕಾಗುತ್ತಿರಲಿಲ್ಲವೇನೋ. ನಲವತ್ತು ಜನಕ್ಕೆ ಹೊಟ್ಟೆ ಎಳೆಯುವುದು ಕಲಿಸುವುದಿತ್ತು ನಿನಗೆ. ನನಗೆ ಇದ್ದವಳು ಅವಳೊಬ್ಬಳು, ಆಮೇಲೆ ನೀನು.

ತಮ್ಮ


ಜುಲೈ 6

ತಮ್ಮ,

ಇವತ್ತಿನಿಂದ ಅಗ್ನಿಸಾರ ಇಲ್ಲ, ಉಡ್ಡೀಯಾನ ಇಲ್ಲ, ನೌಳಿಯ ಹೆಸರೂ ಎತ್ತಕೂಡದು. ಇದನ್ನು ಓದಿದ ಮೇಲೆ ಮುಂದಿನದನ್ನು ಓದು.

ನಿನ್ನ ಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಸಾಲಾಗಿ ಹರಡಿಕೊಂಡು ಕೂತೆ. ಬೆಳಗ್ಗೆ ಐದೂವರೆಗೆ ಹೊಟ್ಟೆ ಖಾಲಿ, ಸರಿ. ಹನ್ನೊಂದು ಗಂಟೆಗೆ ಹೊಟ್ಟೆ ಖಾಲಿ. ಸಂಜೆ ಆರಕ್ಕೂ ಹೊಟ್ಟೆ ಖಾಲಿ. ಎಲ್ಲ ಹೊತ್ತಿನಲ್ಲೂ ಖಾಲಿಯಾಗಿರುವ ಹೊಟ್ಟೆ ಯಾರದ್ದಿರುತ್ತದೆಯೋ? ನಾಲ್ಕು ತಿಂಗಳಲ್ಲಿ ನೀನು ಒಂದು ತುತ್ತಿನ ಹೆಸರು ಬರೆದಿಲ್ಲ. ಅಡುಗೆಮನೆಗೆ ಚಿಲಕ ಎಂದು ಮೊದಲ ಪತ್ರದಲ್ಲೇ ಬರೆದಿದ್ದೆ. ಸಿಲಿಂಡರ್ ಮುಗಿಯಲಿಲ್ಲ ಎಂದು ಜೋಕು ಮಾಡಿ ಬರೆದೆ. ಟೈಲರಿನ ಕಣ್ಣಿಗೆ ಕಂಡದ್ದು, ಸಿಲಿಂಡರಿನವನಿಗೆ ಕಂಡದ್ದು, ನಿನ್ನ ಹೊಟ್ಟೆಯನ್ನೇ ಓದುತ್ತಾ ಕೂತಿದ್ದ ನನಗೆ ಕಾಣಲಿಲ್ಲ. ಹಸಿವು ಸರಿಯಾಗಿದೆ ಅಂದೆ. ಬಾಯೆಲ್ಲ ಕಪ್ಪಿಟ್ಟುಕೊಂಡು ಏನೂ ತಿಂದಿಲ್ಲ ಅಂದವನು ನೀನು. ಈಗ ಏನೂ ತಿನ್ನದೆ ತಿಂದೆ ಅನ್ನುತ್ತೀ.

ಅದು ಬೆಳಕಲ್ಲ ಕಣೋ. ಊಟವಿಲ್ಲದವನಿಗೆ ಕಣ್ಣು ಕತ್ತಲೆ ಬರುವ ಮುಂಚೆ ಹಾಗಾಗುತ್ತದೆ. ಎರಡು ಹೊತ್ತೂ ಮಾಡು, ಮೂವತ್ತಕ್ಕೆ ಹೋಗಲಿ ಎಂದು ಬರೆದ ಕೈ ಇದೇ. ಉಪವಾಸ ಬಿದ್ದವನಿಗೆ ಈ ವಿದ್ಯೆ ಹೇಳಬೇಡ ಎಂದು ಮುದುಕರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಯಾಕೆ ಕಾಣಲಿಲ್ಲ ಎಂದು ಹೇಳುತ್ತೇನೆ. ನಲವತ್ತು ಜನ ಇಲ್ಲ. ತರಗತಿಯೇ ಇಲ್ಲ. ಜನವರಿ ಹದಿನೇಳಕ್ಕೆ ನನಗೆ ಆಪರೇಷನ್ ಆಯಿತು. ಹೊಟ್ಟೆಯಲ್ಲಿ ಗಡ್ಡೆ. ತೆಗೆದರು, ಕೆಟ್ಟದ್ದೇನೂ ಅಲ್ಲವಂತೆ. ಆದರೆ ಹೊಕ್ಕುಳನ್ನು ಬಳಸಿಕೊಂಡು ಮೇಲಿನಿಂದ ಕೆಳಗೆ ಹದಿನೆಂಟು ಹೊಲಿಗೆ. ನಿನ್ನ ಫೋನು ಬಂದಾಗ ನಾನು ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದೆ. ಒಂದೇ ದಿನ ಅವನಿಗೆ ಎರಡು ಸುದ್ದಿ ಬೇಡ, ತರಗತಿ ಇದೆ ಅಂದುಬಿಡಿ ಎಂದು ಓನರಮ್ಮನಿಗೆ ಸನ್ನೆಯಲ್ಲಿ ಹೇಳಿದೆ. ಅಂದಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಇನ್ನು ಹೊಟ್ಟೆ ಎಳೆಯುವಂತಿಲ್ಲ, ಯಾವತ್ತೂ. ಮೂವತ್ತು ವರ್ಷ ಬೆಳಗ್ಗೆ ಎದ್ದು ಮಾಡಿದ್ದು ಅದೊಂದೇ. ನಿನ್ನ ಲಾಗ್ ಓದುವಾಗ ನನ್ನ ಹೊಟ್ಟೆಯೇ ಗುಳಿ ಬಿದ್ದ ಹಾಗಾಗುತ್ತಿತ್ತು. ನನ್ನಲ್ಲಿ ಆಗದ್ದನ್ನು ನಿನ್ನಲ್ಲಿ ಮಾಡಿಸಿಕೊಳ್ಳುತ್ತಿದ್ದೆ. ಅದಕ್ಕೇ ಬೇಕಾದ್ದನ್ನಷ್ಟೇ ಓದಿದೆ.

ಏಪ್ರಿಲ್ ಎರಡನೇ ತಾರೀಕಿನ ನಿನ್ನ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಗಾಜಿನ ಕೊಳವೆಯ ಬಗ್ಗೆ ಬರೆದದ್ದನ್ನು ನೀನೇ ಓದಿಕೋ. ಮೂವತ್ತೊಂದು ವರ್ಷ ನೀರು ನೋಡದೆ ಉರಿ ಹಚ್ಚದವನು ನೀನು.

ಚಿಲಕ ತೆಗೆ. ಒಲೆ ಹಚ್ಚು. ತೆಳ್ಳಗೆ ಬೇಯಿಸಿದ ಅನ್ನ, ನಾಲ್ಕು ಚಮಚ, ಅಷ್ಟೇ. ಒಮ್ಮೆಗೇ ಹೆಚ್ಚು ಬೇಡ. ಕಾದು ಒಣಗಿದ್ದಕ್ಕೆ ತಣ್ಣೀರು ಸುರಿದರೆ ಏನಾಗುತ್ತದೆ ಎಂದೂ ನೀನೇ ಬರೆದಿದ್ದೀ.

ಅಕ್ಕ


ಜುಲೈ 15

ಅಕ್ಕ,

ಓದಿದೆ. ನನ್ನ ಪತ್ರವನ್ನೂ ಓದಿದೆ. ಯಾರೋ ತಿಳಿದವನು ಬರೆದ ಹಾಗಿದೆ.

ಹದಿನೆಂಟು ಹೊಲಿಗೆ. ನಾನು ನಿನ್ನನ್ನು ಬಯ್ಯುತ್ತಿದ್ದ ದಿನವೆಲ್ಲ ನೀನು ಅವುಗಳನ್ನು ಹಿಡಿದುಕೊಂಡು ಎದ್ದು ಕೂರುತ್ತಿದ್ದೆ.

ಚಹಾ ಕುಡಿಯುತ್ತಿದ್ದೆ, ಟೈಲರ್ ತರಿಸಿದ್ದು. ಬೀದಿಯ ಕೊನೆಯ ಅಂಗಡಿಯ ಬನ್ನು ದಿನಕ್ಕೆ ಒಂದು, ಕೆಲವು ದಿನ ಅದೂ ಇಲ್ಲ. ಉಪವಾಸ ಮಾಡಬೇಕೆಂದು ಮಾಡಿದ್ದಲ್ಲ. ಒಲೆ ಹಚ್ಚಲಾಗಲಿಲ್ಲ. ನಿನ್ನ ವಿದ್ಯೆಯಲ್ಲಿ ಖಾಲಿ ಹೊಟ್ಟೆ ಬೇಕು ಎಂದಿತ್ತು. ಸುಲಭವಾಯಿತು.

ಯಾಕೆ ಹಚ್ಚಲಾಗಲಿಲ್ಲ ಎಂದು ಯಾರಿಗೂ ಹೇಳಿಲ್ಲ.

ಆವತ್ತು ಬೆಳಗ್ಗೆ ನಾನು ಮುಂದಿನ ಕೋಣೆಯಲ್ಲಿದ್ದೆ. ಅವಳು ಹಾಲಿಟ್ಟಿದ್ದಳು. ಪಾತ್ರೆ ಬಿದ್ದ ಸದ್ದಾಯಿತು, ಅದರ ಹಿಂದೆಯೇ ಅವಳು ಬಿದ್ದ ಸದ್ದು. ಓಡಿದೆ. ಅವಳು ನೆಲದ ಮೇಲಿದ್ದಳು, ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿದ್ದಳು. ನಾನು ಅವಳನ್ನು ದಾಟಿ ಹೋಗಿ ಮೊದಲು ಒಲೆ ಆರಿಸಿದೆ. ನಾಬ್ ತಿರುಗಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಮುಚ್ಚಿದೆಯೇ ಎಂದು ಇನ್ನೊಂದು ಸಲ ನೋಡಿ, ಆಮೇಲೆ ತಿರುಗಿದೆ. ಬಾಯ್ಲರ್ ಮನೆಯಲ್ಲಿ ನಮಗೆ ಮೊದಲ ದಿನ ಕಲಿಸುವುದೇ ಅದು. ಗಂಟೆ ಹೊಡೆದುಕೊಳ್ಳಲಿ, ಯಾರಾದರೂ ಕೂಗಲಿ, ಮೊದಲು ಉರಿ ಆರಿಸು. ಕೈ ತಾನೇ ಮಾಡಿತು. ನಾನು ತಿರುಗುವಷ್ಟರಲ್ಲಿ ಅವಳು ನೋಡುತ್ತಿರಲಿಲ್ಲ.

ಹತ್ತು ಎಣಿಸುವಷ್ಟು ಹೊತ್ತು. ನೀನು ಉಡ್ಡೀಯಾನದಲ್ಲಿ ಹತ್ತು ಎಣಿಸು ಅಂದಾಗಲೆಲ್ಲ ನಾನು ಎಣಿಸುತ್ತಿದ್ದದ್ದು ಅದನ್ನೇ.

ಡಾಕ್ಟರು, ನೀವು ಎದುರಿಗೇ ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಮಾಡುವುದು ಬೇಡ ಅಕ್ಕ. ಕೈ ಹಿಡಿದುಕೊಂಡಿರಬಹುದಿತ್ತು.

ಚಿಲಕ ತೆಗೆದು ನೋಡಿದೆ, ಮತ್ತೆ ಹಾಕಿದೆ.

ತಮ್ಮ


ಜುಲೈ 21

ಇದ್ದಿಲೇ,

ನಿನ್ನ ಪತ್ರ ಓದಿ ಓನರಮ್ಮನನ್ನು ಕರೆದು ಸುಮ್ಮನೆ ಹತ್ತಿರ ಕೂರಿಸಿಕೊಂಡೆ. ಹೂ ಕಟ್ಟುವ ಬುಟ್ಟಿಯನ್ನೂ ಜೊತೆಗೇ ತಂದರು, ಪುಣ್ಯಾತ್ಗಿತ್ತಿ.

ಅದು ತಪ್ಪಲ್ಲ ಎಂದು ಬರೆಯಬಹುದು. ನೀನು ನಂಬುವುದಿಲ್ಲ, ಆದ್ದರಿಂದ ಬರೆಯುವುದಿಲ್ಲ. ಒಂದು ಮಾತು ಹೇಳುತ್ತೇನೆ. ಮೂವತ್ತು ವರ್ಷ ನಿನ್ನ ಬಾಯ್ಲರ್ ಕಥೆ ಕೇಳಿದವಳು ಅವಳು. ನೀನು ಒಲೆಯ ಕಡೆಗೆ ಯಾಕೆ ಹೋದೆ ಎಂದು ಈ ಲೋಕದಲ್ಲಿ ಯಾರಿಗಾದರೂ ತಿಳಿದಿದ್ದರೆ ಅವಳಿಗೆ.

ನನಗೆ ರೈಲಿನಲ್ಲಿ ಕೂರಲು ಇನ್ನೂ ಒಪ್ಪಿಗೆ ಇಲ್ಲ. ಇದ್ದಿದ್ದರೆ ಈ ಪತ್ರದ ಬದಲು ನಾನೇ ಬರುತ್ತಿದ್ದೆ. ನನ್ನ ಕೈಯಲ್ಲಾಗುವುದು ದೂರದಿಂದ ಹೇಳಿಕೊಡುವುದಷ್ಟೇ. ಪಾಠ ಇದೊಂದೇ, ಇದರ ನಂತರ ಪಾಠವಿಲ್ಲ. ಪಾತ್ರೆಗೆ ನೀರು ಹಾಕು. ನೀರಿದೆಯೇ ನೋಡು. ಉರಿ ಹಚ್ಚು. ಲಾಗ್ ಬರೆ.

ಅಕ್ಕ


ಆಗಸ್ಟ್ 3

ಅಕ್ಕ,

ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಜುಲೈ 26. ಬೆಳಗ್ಗೆ 7. ಚಿಲಕ ತೆಗೆದೆ. ಒಲೆಯ ಮೇಲೆ ಅವಳಿಟ್ಟಿದ್ದ ಇಕ್ಕಳ ಹಾಗೇ ಇತ್ತು. ಧೂಳು ಒರೆಸಿ ಬಂದೆ.
ಜುಲೈ 27. ಬೆಳಗ್ಗೆ 7. ನಾಬ್ ಮುಟ್ಟಿದೆ. ತಿರುಗಿಸಲಿಲ್ಲ.
ಜುಲೈ 28. ಬೆಳಗ್ಗೆ 7.10. ಪಾತ್ರೆಗೆ ನೀರು ಹಾಕಿದೆ. ನೀರು ನೋಡಿದೆ, ಇದೆ. ಉರಿ ಹಚ್ಚಿದೆ. ಒಂದೇ ಕಡ್ಡಿಗೆ ಹತ್ತಿತು. ಒಂದು ಮುಷ್ಟಿ ಅಕ್ಕಿ. ನಾಲ್ಕು ಚಮಚ ತಿಂದೆ. ಹಸಿವು: ಇಲ್ಲ.
ಜುಲೈ 29. ನಾಲ್ಕು ಚಮಚ. ಹಸಿವು: ಇಲ್ಲ.
ಜುಲೈ 31. ಆರು ಚಮಚ. ಹಸಿವು: ಇಲ್ಲ. ಈ ಸಲ ಸುಳ್ಳು ಬರೆಯುತ್ತಿಲ್ಲ.

ಇನ್ನು ನಿನ್ನೆಯದು. ಇದು ಲಾಗ್‌ನಲ್ಲಿ ಹಿಡಿಸುವುದಿಲ್ಲ.

ನಿನ್ನೆ ಮೊದಲ ಸಲ ಹಾಲಿಟ್ಟೆ. ಒಲೆಯ ಮುಂದೆಯೇ ನಿಂತಿದ್ದೆ, ಕೊಳವೆ ನೋಡುತ್ತಿದ್ದ ಹಾಗೆ ಹಾಲನ್ನೇ ನೋಡುತ್ತಾ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿತ್ತು. ಕೆಳಗಿನ ಅಂಗಡಿಯಲ್ಲಿ ಏನೋ ದಡಾರ್ ಎಂದು ಬಿತ್ತು. ಅದರ ಹಿಂದೆಯೇ "ಅಯ್ಯಪ್ಪಾ" ಎಂಬ ಕೂಗು.

ಕೆಳಗೆ ಹೋದಾಗ ಟೈಲರ್ ನೆಲದ ಮೇಲಿದ್ದ. ಮೇಲಿನ ಹಲಗೆಯಿಂದ ಬಟ್ಟೆಯ ಸುರುಳಿ ತೆಗೆಯಲು ಹೋಗಿ ಸ್ಟೂಲು ಜಾರಿತ್ತು. ಗುಂಡಿಗಳ ಡಬ್ಬ ಮೈಮೇಲೆಲ್ಲ ಚೆಲ್ಲಿತ್ತು. ನಾನು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡೆ. ತುಂಬಾ ಗಟ್ಟಿಯಾಗಿ ಹಿಡಿದಿದ್ದೆನೆಂದು ಕಾಣುತ್ತದೆ.

"ಸಾರ್, ಬಿದ್ದಿದ್ದು ಸೊಂಟ. ಕೈ ಚೆನ್ನಾಗೇ ಇದೆ, ನೀವೇ ಮುರೀತಿದೀರಿ."

"ನನ್ನನ್ನ ನೋಡು. ನನ್ನನ್ನೇ ನೋಡ್ತಿರು."

"ನೋಡ್ತಾನೇ ಇದೀನಿ ಸಾರ್. ಹುರಿ ಬಿಚ್ಚಿಹೋಗಿದೆ, ಮೊದ್ಲು ಪ್ಯಾಂಟ್ ಹಿಡ್ಕೊಳಿ. ಅದೇನು ಹಂಗೆ ಓಡ್ಬಂದ್ರಿ?"

ಅವನು ಎದ್ದು ಕೂತ. ಏನೂ ಆಗಿರಲಿಲ್ಲ, ಮೊಣಕೈ ತರಚಿತ್ತು ಅಷ್ಟೆ. ಇಬ್ಬರೂ ನೆಲದ ಮೇಲೆ ಕೂತು ಗುಂಡಿ ಆರಿಸಿದೆವು, ಬಿಳಿಯದು ಬೇರೆ, ಕಪ್ಪು ಬೇರೆ. ಎಷ್ಟೋ ಹೊತ್ತಾದ ಮೇಲೆ ಅವನು ಮೂಗು ಎತ್ತಿದ.

"ಸಾರ್, ಮೇಲೆ ಏನೋ ಸೀದಿದೆ."

ಮೆಟ್ಟಿಲು ಹತ್ತಿ ಹೋದೆ. ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಪಾತ್ರೆಯ ತಳ ಕರಿದಾಗಿತ್ತು. ಉರಿ ಇನ್ನೂ ಉರಿಯುತ್ತಿತ್ತು, ನೀಲಿಯಾಗಿ, ತನ್ನ ಪಾಡಿಗೆ. ನಾನು ಅದನ್ನು ಮುಟ್ಟದೆ ಹೋಗಿದ್ದೆ. ಮೂವತ್ತೊಂದು ವರ್ಷದಲ್ಲಿ ಹಾಗೆ ಬಿಟ್ಟು ಹೋದದ್ದು ಇದೇ ಮೊದಲು. ಕೆಲಸದಲ್ಲಿದ್ದಿದ್ದರೆ ಮೆಮೊ ಕೊಡುತ್ತಿದ್ದರು.

ಆರಿಸಿದೆ. ಕಿಟಕಿ ತೆರೆದೆ. ಅಲ್ಲಿಯೇ, ಅವಳು ಬಿದ್ದ ಜಾಗದಲ್ಲಿ, ಗೋಡೆಗೊರಗಿ ಕೂತು ತುಂಬಾ ಹೊತ್ತು ಅತ್ತೆ. ಸೀದ ಹಾಲಿನ ವಾಸನೆ ಮನೆಯೆಲ್ಲ ತುಂಬಿತ್ತು. ಅವಳಿದ್ದಿದ್ದರೆ ಬಯ್ಯುತ್ತಿದ್ದಳು. ಬಯ್ಯುವವರು ಇರಲಿಲ್ಲ. ಎದ್ದು ಪಾತ್ರೆ ಉಜ್ಜಿದೆ. ಕರಿ ಪೂರ್ತಿ ಹೋಗಿಲ್ಲ.

ನೀನು ಕುರ್ಚಿಯಲ್ಲಿ ಕೂತಾದರೂ ಕಲಿಸು. ಬಾಯಿಂದ ಹೇಳಿಕೊಟ್ಟರೆ ಸಾಕು, ಕಲಿಯುವವರು ಕಲಿಯುತ್ತಾರೆ. ಬಂದವರನ್ನು ಮೊದಲು ಊಟದ ಬಗ್ಗೆ ಕೇಳು. ಹೊಲಿಗೆಯ ಜಾಗ ಹೇಗಿದೆ ಎಂದು ಪ್ರತಿ ಪತ್ರದಲ್ಲೂ ಬರೆ. "ಸರಿಯಾಗಿದೆ" ಎಂದು ಬರೆದರೆ ನಾನು ನಂಬುವುದಿಲ್ಲ.

ಆಗಸ್ಟ್ 3. ಬೆಳಗ್ಗೆ 7. ನೀರು ನೋಡಿದೆ, ಇದೆ. ಉರಿ ಹಚ್ಚಿದೆ. ಅನ್ನ ಇನ್ನೂ ಬೆಂದಿಲ್ಲ. ಒಲೆಯ ಪಕ್ಕದಲ್ಲೇ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ.
7.25. ಹಸಿವು: ಇದೆ.

ತಮ್ಮ